ಒಂದೇ ಪದ, ಬೇರೆ ಬೇರೆ ಭಾವ: ಅಳೆಯುವುದು ಹೇಗೆ?

‘ಮಳೆ’ ಎಂದರೇನೆಂದು ಕೇಳಿದರೆ ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ. ಆ ಪದ ಹುಟ್ಟಿಸುವ ಭಾವ ಮಾತ್ರ ಒಬ್ಬೊಬ್ಬರಲ್ಲಿ ಒಂದೊಂದು. ಅದನ್ನು ಅಳೆಯಲು ಅಮೆರಿಕದ ಮನೋವಿಜ್ಞಾನಿ ಚಾರ್ಲ್ಸ್ ಆಸ್ಗುಡ್ 1950ರ ದಶಕದಲ್ಲಿ ರೂಪಿಸಿದ ವಿಧಾನ ಇಂದಿಗೂ ಉಪಯುಕ್ತ. ಅವರ ಮುಂದಿನ ಬಹುಭಾಷಾ ಅಧ್ಯಯನದಲ್ಲಿ ಮೈಸೂರಿನ ಕನ್ನಡವೂ ಸೇರಿತ್ತು.

ಭಾವವನ್ನು ಮೌಲ್ಯ, ಬಲ, ಚಟುವಟಿಕೆ ಎಂಬ ಮೂರು ಆಯಾಮಗಳಲ್ಲಿ ಅಳೆಯಲು ಪ್ರತಿ ಪದಕ್ಕೂ ವಿರುದ್ಧ ಪದಗಳ ಆರು ಜೋಡಿ ಬರೆಯಿರಿ. ಮೌಲ್ಯಕ್ಕೆ ಒಳ್ಳೆಯದು–ಕೆಟ್ಟದ್ದು, ಹಿತ–ಅಹಿತ; ಬಲಕ್ಕೆ ಬಲಿಷ್ಠ–ದುರ್ಬಲ, ದೊಡ್ಡದು–ಚಿಕ್ಕದು; ಚಟುವಟಿಕೆಗೆ ವೇಗ–ನಿಧಾನ, ಚುರುಕು–ಮಂದ. ಪ್ರತಿ ಜೋಡಿಯ ನಡುವೆ ಏಳು ಮನೆಗಳಿರಲಿ, +3ರಿಂದ -3ರವರೆಗೆ; ಉತ್ತರಿಸುವವರು ತಮಗನಿಸಿದ ಮನೆಗೆ ಗುರುತು ಹಾಕಲಿ. ಅರ್ಧದಷ್ಟು ಜೋಡಿಗಳನ್ನು ತಿರುಗಿಸಿ ಬರೆಯಿರಿ. ಇಲ್ಲದಿದ್ದರೆ ಜನ ಓದದೆ ಒಂದೇ ಬದಿಗೆ ಗುರುತು ಹಾಕುತ್ತಾ ಹೋಗುತ್ತಾರೆ. ಲೆಕ್ಕ ಹಾಕುವಾಗ ಅವುಗಳ ಚಿಹ್ನೆ ಬದಲಿಸಲು ಮರೆಯಬೇಡಿ.

ಜೋಡಿಗಳ ಆಯ್ಕೆಯಲ್ಲೇ ಹೆಚ್ಚು ಎಡವಟ್ಟಾಗುವುದು. ‘ಸಾಲ’ಕ್ಕೆ ಭಾರ–ಹಗುರ ಕೊಟ್ಟರೆ ‘ಸಾಲದ ಭಾರ’ ಎಂಬ ರೂಢಿಯ ಮಾತೇ ಉತ್ತರವಾಗುತ್ತದೆ, ಭಾವವಲ್ಲ. ‘ಕರೆ’ಯಂಥ ಪದವನ್ನು ಒಂಟಿಯಾಗಿ ಕೊಡಬೇಡಿ: ಒಬ್ಬರು ಫೋನ್ ಕರೆ ಎಂದುಕೊಂಡರೆ ಇನ್ನೊಬ್ಬರು ಬಟ್ಟೆಯ ಕಲೆ ಎಂದುಕೊಳ್ಳುತ್ತಾರೆ. ಕೊನೆಯಲ್ಲಿ ಪದದ ಅರ್ಥವನ್ನು ಒಂದು ವಾಕ್ಯದಲ್ಲಿ ಬರೆಸಿಕೊಳ್ಳಿ.

ಇಬ್ಬರ ನಡುವಿನ ಅಂತರ ತಿಳಿಯಲು ಪ್ರತಿ ಆಯಾಮದಲ್ಲೂ ಇಬ್ಬರ ಸರಾಸರಿ ಅಂಕಗಳ ವ್ಯತ್ಯಾಸ ತೆಗೆದು, ಆ ಮೂರು ವ್ಯತ್ಯಾಸಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯಿರಿ. ವ್ಯತ್ಯಾಸ 2, 1, 2 ಆದರೆ ಮೊತ್ತ 9, ಅಂತರ 3.

ಗುಂಪಿನ ಸರಾಸರಿ 0 ಬಂದರೆ ಎಲ್ಲರೂ ತಟಸ್ಥರೆಂದು ತೀರ್ಮಾನಿಸಬೇಡಿ. ಅರ್ಧ ಜನ +3, ಉಳಿದವರು -3 ಕೊಟ್ಟಿರಬಹುದು. ಬಿಡಿ ಅಂಕಗಳನ್ನು ನೋಡಲೇಬೇಕು.