ಅಪ್ಪ ಕಲಿಸಿದ ಲೋಡ್ ಲೆಕ್ಕ

ನಾನು ನಾಟಕಗಳಿಗೆ ಬೆಳಕು ವಿನ್ಯಾಸ ಮಾಡುತ್ತೇನೆ. ಈಗ ಹೊಟ್ಟೆಪಾಡು ಇದರಿಂದಲೇ. ಅಪ್ಪ ಬಂಟ್ವಾಳದ ಸುತ್ತಮುತ್ತ ಮನೆಗಳಿಗೆ ವೈರಿಂಗ್ ಮಾಡುತ್ತಿದ್ದರು. ಅಮ್ಮ ಬೀಡಿ ಕಟ್ಟುತ್ತಿದ್ದರು. ಇಂಥದ್ದೇ ಮನೆಗಳ ಹುಡುಗ ಹುಡುಗಿಯರು ಆಗಾಗ ಕೇಳುತ್ತಾರೆ, ಕೈಯಲ್ಲಿ ದುಡ್ಡಿಲ್ಲದೆ ಈ ಕಡೆ ಹೇಗೆ ಬಂದಿರಿ ಅಂತ. ಅವರಿಗಾಗಿ ಬರೆಯುತ್ತಿದ್ದೇನೆ.

ಬೀಡಿಗೆ ಕೂಲಿ ಸಾವಿರದ ಲೆಕ್ಕದಲ್ಲಿ. ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತರಬೇಕು. ಎಲೆ ನೆನೆಸಿ, ಕತ್ತರಿಸಿ, ಸುರುಳಿ ಸುತ್ತಿ, ನೂಲು ಕಟ್ಟಿ ಒಯ್ದು ಕೊಡಬೇಕು. ಚೆನ್ನಾಗಿಲ್ಲ ಅಂತ ತೆಗೆದಿಟ್ಟ ಬೀಡಿಗೆ ಕೂಲಿ ಇಲ್ಲ. ಈ ಲೆಕ್ಕದಲ್ಲಿ ಬದುಕಿದವರ ಮುಂದೆ ‘ಕಲೆಯೇ ನನ್ನ ಉಸಿರು’ ಅಂದರೆ ಅವರಿಗೆ ಭಯವಾಗುತ್ತದೆ. ಆ ಭಯ ಸರಿಯಾದದ್ದೇ. ಹಾಗಾಗಿ ನಾನು ಮನೆಯಲ್ಲಿ ಕಲೆಯ ಮಾತಾಡಲಿಲ್ಲ, ಕೆಲಸದ ಮಾತಾಡಿದೆ.

ಆಸೆ ಹುಟ್ಟಿದ್ದು ಯಕ್ಷಗಾನದಿಂದ. ಗದ್ದೆಯಲ್ಲಿ ರಾತ್ರಿಯಿಡೀ ಆಟ ನೋಡುತ್ತಿದ್ದೆವು. ಬಣ್ಣದ ವೇಷ ಅಂದರೆ ರಾಕ್ಷಸ ಪಾತ್ರ. ಅದರ ಮುಖದ ಮೇಲೆ ಅಕ್ಕಿ ಹಿಟ್ಟಿನಿಂದ ಇಡುವ ಚುಕ್ಕಿಗಳು, ಚಿಟ್ಟಿ, ಎಷ್ಟು ಕಷ್ಟಪಟ್ಟು ಇಟ್ಟದ್ದು! ಟ್ಯೂಬ್‌ಲೈಟಿನ ಕೆಳಗೆ ಅದೆಲ್ಲ ಸಪ್ಪೆಯಾಗಿ ಕಾಣುತ್ತಿತ್ತು. ದೊಂದಿಯ ಬೆಳಕಿನಲ್ಲಿ ಅದೇ ವೇಷ ನೋಡಿದ ಹಿರಿಯರು ಮೈ ಜುಂ ಅನ್ನುತ್ತಿತ್ತು ಅನ್ನುತ್ತಿದ್ದರು. ಬೆಳಕು ಬದಲಾದರೆ ಮುಖವೇ ಬದಲಾಗುತ್ತದಲ್ಲ ಎಂಬುದು ತಲೆಯಲ್ಲಿ ಕೂತುಬಿಟ್ಟಿತು.

ಪಿಯುಸಿ ಹೊತ್ತಿಗೆ ರಜೆಯಲ್ಲಿ ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತಿದ್ದೆ. ಗೋಡೆ ಕೊರೆದು, ಪೈಪ್ ಹಾಕಿ, ವೈರ್ ಎಳೆಯುವ ಕೆಲಸ. ಆಮೇಲೆ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರಕ್ಕೆ ಹೋಗಬೇಕು ಅಂದೆ. ಅದು 1980ರಲ್ಲಿ ಶುರುವಾದದ್ದು. ಅಲ್ಲೇ ಉಳಿದು ಕಲಿಯಬೇಕು. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: “ಅದು ಮುಗಿದ ಮೇಲೆ ಕೆಲಸ ಉಂಟಾ?”

“ಸಿಗದಿದ್ದರೆ ವೈರಿಂಗ್ ಉಂಟಲ್ಲ ಅಪ್ಪ” ಅಂದೆ. ಸುಮ್ನೆ ಹೇಳಿದ ಮಾತಲ್ಲ. ಕೋರ್ಸ್ ಮುಗಿದ ಮೇಲೂ ಎಷ್ಟೋ ವರ್ಷ ಮಳೆಗಾಲದಲ್ಲಿ ನಾಟಕ ಕಡಿಮೆಯಾದಾಗ ವೈರಿಂಗ್‌ಗೆ ಹೋದೆ.

ನನ್ನನ್ನು ಈ ರಂಗದಲ್ಲಿ ನಿಲ್ಲಿಸಿದ್ದೂ ಅದೇ ವಿದ್ಯೆ. ಹಳೆಯ ಹ್ಯಾಲೊಜೆನ್ ಲೈಟು 1000 ವ್ಯಾಟಿನದು. 230 ವೋಲ್ಟ್‌ನಲ್ಲಿ ಒಂದೊಂದೂ ಸುಮಾರು 4.3 ಆಂಪಿಯರ್ ಎಳೆಯುತ್ತದೆ. ಹತ್ತು ಒಟ್ಟಿಗೆ ಹಚ್ಚಿದರೆ 43 ಆಂಪಿಯರ್. ಸಣ್ಣ ಊರಿನ ಸಭಾಭವನದ ಒಂದೇ ಫೇಸ್, ಅಂದರೆ ಕರೆಂಟು ತರುವ ಮೂರು ಲೈನಿನಲ್ಲಿ ಒಂದು, ಅದನ್ನು ಹೇಗೆ ತಡೆಯುತ್ತದೆ? ಒಂದೋ ಟ್ರಿಪ್ ಆಗುತ್ತದೆ, ಇಲ್ಲವೇ ವೈರ್ ಬಿಸಿಯಾಗುತ್ತದೆ. ಲೋಡನ್ನು, ಅಂದರೆ ಲೈಟುಗಳು ಎಳೆಯುವ ಒಟ್ಟು ಕರೆಂಟನ್ನು, ಮೂರು ಫೇಸಿಗೆ ಹಂಚಬೇಕು. ಅರ್ಥಿಂಗ್ ಮೊದಲು ಪರೀಕ್ಷಿಸಬೇಕು. ಅಷ್ಟು ಕರೆಂಟು ಸಿಗದಿದ್ದರೆ ಕಡಿಮೆ ಲೈಟಿನಲ್ಲೇ ದೃಶ್ಯ ಕಟ್ಟಬೇಕು. ನಟನ ಮುಖಕ್ಕೆ ಓರೆಯಾಗಿ, ಮೇಲಿನಿಂದ 45 ಡಿಗ್ರಿಯಲ್ಲಿ ಒಂದು ಲೈಟು, ಹಿಂದಿನಿಂದ ಇನ್ನೊಂದು. ಇಷ್ಟರಲ್ಲೇ ಎಷ್ಟೋ ಆಗುತ್ತದೆ. ಬೆಳಕಿನಷ್ಟೇ ಕತ್ತಲೆಯೂ ನಮ್ಮ ಕೈಯಲ್ಲಿರುವ ಸಾಮಾನು. ಎಲ್‌ಇಡಿ ಬಂದ ಮೇಲೆ ಲೋಡಿನ ಚಿಂತೆ ಕಡಿಮೆಯಾಗಿದೆ. ಆದರೂ ಹಾಲ್‌ಗೆ ಹೋದ ತಕ್ಷಣ ನಾನು ಮೊದಲು ಹುಡುಕುವುದು ಮೈನ್ ಬೋರ್ಡನ್ನೇ.

ದುಡ್ಡಿನ ಮಾತು ಕಲಿಯಲು ಮಾತ್ರ ತಡವಾಯಿತು. ಒಂದು ತಂಡ ಶೋ ಮುಗಿದ ಮೇಲೆ ಕೊಡುತ್ತೇವೆ ಅಂದವರು ಕೊಡಲೇ ಇಲ್ಲ. ಆಮೇಲೆ ಅರ್ಧ ಮುಂಗಡ ತೆಗೆದುಕೊಳ್ಳದೆ ಲೈಟು ಹೊರಿಸಿಲ್ಲ. ಕಲಾವಿದರು ಹಣ ಕೇಳಬಾರದು ಅನ್ನುವವರು ಇದ್ದಾರೆ. ಮನೆಯಲ್ಲಿ ಬೇರೆ ಆದಾಯ ಇರುವವರಿಗೆ ಆ ಮಾತು ನಡೆಯುತ್ತದೆ, ನಮಗೆ ನಡೆಯುವುದಿಲ್ಲ.

ಇನ್ನೊಂದು ವಿಷಯ, ಇದನ್ನು ಜಾಸ್ತಿ ಜನ ಹೇಳುವುದಿಲ್ಲ. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆಯ ವಿದ್ಯಾರ್ಥಿವೇತನ ಇದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿದವರ ಮಕ್ಕಳಿಗೂ ಓದಿಗೆ ನೆರವು ಇದೆ. ಅಪ್ಪ ಅಮ್ಮನ ಕಾರ್ಮಿಕ ಕಾರ್ಡು ಚಾಲ್ತಿಯಲ್ಲಿದೆಯಾ ಅಂತ ಶಾಲೆಯ ದಿನಗಳಲ್ಲೇ ನೋಡಿಕೊಳ್ಳಿ. ಯಾವ ಕೋರ್ಸಿಗೆ ಸಿಗುತ್ತದೆ ಅಂತಲೂ ವಿಚಾರಿಸಿ.

ಈಗ ನನ್ನ ಜೊತೆ ಕೆಲಸ ಕಲಿಯಲು ಬರುವವರಿಗೆ ಮೊದಲ ದಿನದಿಂದಲೇ ಸಂಬಳ ಕೊಡುತ್ತೇನೆ. ಬಿಟ್ಟಿ ದುಡಿದು ಕಲಿಯಬೇಕು ಅಂದರೆ ಉಳ್ಳವರ ಮಕ್ಕಳು ಮಾತ್ರ ಉಳಿಯುತ್ತಾರೆ, ಅಲ್ವಾ? ಶೋ ಮುಗಿದು ಲೈಟು ಇಳಿಸಿದ ರಾತ್ರಿಯೇ ಅವರ ಹಣ ಅವರ ಕೈಗೆ ಹೋಗುತ್ತದೆ.