ನಾಲ್ಕು ಸೀಟಿಗೂ ಕೆಲಸವಿರುವ ರೇಸು

ನಮ್ಮ ಮನೆಯಲ್ಲಿ 1969ರ ಫಿಯಟ್ 1100 ಇದೆ. ಅಪ್ಪ ಸೆಕೆಂಡ್ ಹ್ಯಾಂಡ್ ಕೊಂಡದ್ದು. ನಂಬರ್ ಪ್ಲೇಟ್ ಇವತ್ತಿಗೂ ಮೈಸೂರು ರಾಜ್ಯದ ಕಾಲದ ‘ಎಂವೈ’ಯಿಂದಲೇ ಶುರುವಾಗುತ್ತದೆ. 1089 ಸಿಸಿ ಎಂಜಿನ್, ಸುಮಾರು ನಲವತ್ತು ಕುದುರೆ ಶಕ್ತಿ, ಸ್ಟೀರಿಂಗ್ ಪಕ್ಕದಲ್ಲೇ ಗೇರ್ ಕಡ್ಡಿ. ಪಕ್ಕಾ ಲೆಕ್ಕ ಹಿಡಿದರೆ ಇದು ವಿಂಟೇಜ್ ಅಲ್ಲ. ಇಂಗ್ಲೆಂಡಿನ ಹಳೇ ಕಾರಿನವರು 1919ರಿಂದ 1930ರವರೆಗಿನ ಕಾರುಗಳನ್ನು ಮಾತ್ರ ವಿಂಟೇಜ್ ಅನ್ನುತ್ತಾರೆ, ನಮ್ಮದು ಕ್ಲಾಸಿಕ್. ಆದರೆ ಬೀದಿಯಲ್ಲಿ ಎಲ್ಲರೂ ಕೇಳುವುದು “ವಿಂಟೇಜ್ ಕಾರಾ ಸಾರ್?” ಅಂತಲೇ. ನಾನೂ ಹೂಂ ಅನ್ನುತ್ತೇನೆ.

ರೇಸಿನ ಆಸೆ ಹುಟ್ಟಿದ್ದು ಅಪ್ಪನ ಮಾತುಗಳಿಂದ. ಮದ್ರಾಸಿನ ಹತ್ತಿರ ಶೋಳವರಂನಲ್ಲಿ ಎರಡನೇ ಮಹಾಯುದ್ಧದ ಕಾಲದ ವಿಮಾನ ರನ್‌ವೇ ಇತ್ತು. ಅದರ ಮೇಲೇ ರೇಸು ನಡೆಯುತ್ತಿತ್ತು, ಫಿಯಟ್‌ಗಳೂ ಓಡುತ್ತಿದ್ದವು. ನಮ್ಮ ಮನೆಯ ಕಾರಿನಂಥದ್ದೇ ಕಾರು ಅಲ್ಲಿ ಓಡಿತ್ತು ಅನ್ನುವುದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಿಸಿದ ಮೇಲೆ, ಶ್ರೀಪೆರುಂಬುದೂರಿನ ಬಳಿ ಇರುಂಗಾಟ್ಟುಕೋಟೆಯ ಟ್ರ್ಯಾಕಿಗೆ ಒಂದು ದಿನ ಒಯ್ದೆ. ಅದು 1990ರಲ್ಲಿ ಶುರುವಾದ ಟ್ರ್ಯಾಕ್, ಒಂದು ಸುತ್ತಿಗೆ 3.7 ಕಿಲೋಮೀಟರ್. ಮೂರನೇ ಸುತ್ತಿಗೆ ಡ್ರಮ್ ಬ್ರೇಕುಗಳು ಕಾದು ಪೆಡಲ್ ಒತ್ತಿದರೂ ಹಿಡಿಯಲಿಲ್ಲ. ಹೊರಗೆ ಬಂದು ನಿಲ್ಲಿಸಿದಾಗ ಚಕ್ರದಿಂದ ಹೊಗೆ. ಅದಕ್ಕಿಂತ ಜಾಸ್ತಿ ಬೇಜಾರಾಗಿದ್ದು ಹೆಂಡತಿ, ಮಗಳು, ಅಮ್ಮ ಬಿಸಿಲಲ್ಲಿ ಸುಮ್ನೆ ಕೂತಿದ್ದನ್ನು ನೋಡಿ. ಅಷ್ಟು ದೂರ ಕರೆದುಕೊಂಡು ಹೋಗಿ ಮೂರು ಸುತ್ತು ತೋರಿಸಿದ್ದೆ, ಅಷ್ಟೇ.

ಆಮೇಲೆ ಸಿಕ್ಕಿದ್ದು ಟಿಎಸ್‌ಡಿ ರ‍್ಯಾಲಿ. ಟೈಮ್, ಸ್ಪೀಡ್, ಡಿಸ್ಟೆನ್ಸ್. ಸಾಮಾನ್ಯ ರಸ್ತೆಯಲ್ಲಿ, ಕಾನೂನಿನ ವೇಗದ ಒಳಗೇ ಓಡಿಸುವ ಸ್ಪರ್ಧೆ. “ಇಲ್ಲಿಂದ ಗಂಟೆಗೆ ಸರಾಸರಿ 36 ಕಿಲೋಮೀಟರ್” ಅಂತ ಕೊಟ್ಟಿರುತ್ತಾರೆ. ದಾರಿಯಲ್ಲಿ ಎಲ್ಲೋ ಒಂದು ಕಡೆ, ಮೊದಲೇ ಹೇಳದ ಜಾಗದಲ್ಲಿ, ಗಡಿಯಾರ ಹಿಡಿದವರು ಕೂತಿರುತ್ತಾರೆ. ಆ ಜಾಗಕ್ಕೆ ಕಂಟ್ರೋಲ್ ಅನ್ನುತ್ತಾರೆ, ಅಲ್ಲಿಗೆ ಸರಿಯಾದ ಸೆಕೆಂಡಿಗೆ ಬರಬೇಕು. ನಾವು ಹೋದ ರ‍್ಯಾಲಿಯಲ್ಲಿ ಒಂದು ಸೆಕೆಂಡ್ ತಡವಾದರೆ ಒಂದು ಪಾಯಿಂಟ್ ದಂಡ, ಒಂದು ಸೆಕೆಂಡ್ ಬೇಗ ಬಂದರೆ ಎರಡು. ಹಿಂದಿನ ಸೀಟಿನಲ್ಲಿ ಮನೆಯವರನ್ನು ಕೂರಿಸಿಕೊಳ್ಳಬಹುದಿತ್ತು. ನನಗೆ ಬೇಕಾಗಿದ್ದು ಅದೇ.

ಮೊದಲನೇ ಸಲ ನಾನು ಮಾಡಿದ್ದು ಶುದ್ಧ ತಪ್ಪು. ತಡವಾದೀತು ಅನ್ನುವ ಭಯಕ್ಕೆ ಓಡಿಸಿಬಿಟ್ಟೆ. ಮೊದಲ ಕಂಟ್ರೋಲಿಗೇ 110 ಸೆಕೆಂಡ್ ಮುಂಚೆ ತಲುಪಿ 220 ಪಾಯಿಂಟ್ ದಂಡ ತೆತ್ತೆವು. ಹೆಂಡತಿ ಹಾಳೆ ನೋಡಿ, “ರೀ, ನಿಧಾನಕ್ಕೆ ಹೋಗಿ ಅಂತ ಮದುವೆಯಾದಾಗಿನಿಂದ ಹೇಳ್ತಿದೀನಿ” ಅಂದಳು. ಅವತ್ತಿನಿಂದ ದಾರಿ, ಸಮಯ ಹೇಳುವ ನ್ಯಾವಿಗೇಟರ್ ಸೀಟು ಅವಳದ್ದು. ಅವಳು ಹೇಳಿದ್ದೇ ಅಂತಿಮ.

ಅವಳ ಲೆಕ್ಕ ಸರಳ. 36ರ ವೇಗ ಅಂದರೆ ಸೆಕೆಂಡಿಗೆ ಸರಿಯಾಗಿ 10 ಮೀಟರ್, ಒಂದು ಕಿಲೋಮೀಟರಿಗೆ 100 ಸೆಕೆಂಡ್. 30 ಆದರೆ 120 ಸೆಕೆಂಡ್, 40 ಆದರೆ 90. ಹಿಂದಿನ ರಾತ್ರಿಯೇ ಇವನ್ನೆಲ್ಲ ಒಂದು ಪಟ್ಟಿ ಮಾಡಿ ರಟ್ಟಿಗೆ ಅಂಟಿಸುತ್ತಾಳೆ. ರ‍್ಯಾಲಿಯವರು ಕೊಡುವ ದಾರಿಯ ಪುಸ್ತಕದಲ್ಲಿ ಊರಿನ ಹೆಸರುಗಳು ಕಡಿಮೆ, ಚಿತ್ರಗಳೇ ಹೆಚ್ಚು. ಗುಂಡು ಚುಕ್ಕೆ ಅಂದರೆ ನಾವು ಬರುವ ಕಡೆ, ಬಾಣ ಅಂದರೆ ಹೋಗಬೇಕಾದ ದಿಕ್ಕು. ಇದಕ್ಕೆ ಟುಲಿಪ್ ಅನ್ನುತ್ತಾರೆ, ಹಾಲೆಂಡಿನ ಟುಲಿಪ್ ರ‍್ಯಾಲಿಯಿಂದ ಬಂದ ಹೆಸರು. ಹಿಂದಿನ ಸೀಟಿನಲ್ಲಿ ಮಗಳು ಸ್ಟಾಪ್‌ವಾಚ್ ಹಿಡಿದು ಪ್ರತಿ ಕಿಲೋಮೀಟರಿಗೆ “ಮೂರು ಸೆಕೆಂಡ್ ಮುಂದೆ”, “ಎರಡು ಹಿಂದೆ” ಅಂತ ಕೂಗುತ್ತಾಳೆ. ಅಮ್ಮನಿಗೆ ಕಿಟಕಿಯ ಕೆಲಸ. ಮೈಲಿಗಲ್ಲು, ದೇವಸ್ಥಾನದ ಕಮಾನು, ಹಾಲಿನ ಡೇರಿ, ಯಾವುದೂ ಅವರ ಕಣ್ಣು ತಪ್ಪುವುದಿಲ್ಲ.

ದೂರ ಅಳೆಯುವುದರಲ್ಲಿ ಮಾತ್ರ ತುಂಬಾ ದಿನ ಒದ್ದಾಡಿದೆವು. ಹಳೇ ಮೀಟರನ್ನು ನಂಬುವಂತಿರಲಿಲ್ಲ. ಕೊನೆಗೆ ಸೈಕಲ್ಲಿಗೆ ಹಾಕುವ ಡಿಜಿಟಲ್ ಮೀಟರ್ ತಂದು, ಮುಂದಿನ ಚಕ್ರಕ್ಕೆ ಅಯಸ್ಕಾಂತ ಕೂರಿಸಿದೆ. ಅದು ಚಕ್ರದ ಸುತ್ತು ಎಣಿಸಿ ದೂರ ತೋರಿಸುತ್ತದೆ, ಹಾಗಾಗಿ ಅದಕ್ಕೆ ಚಕ್ರದ ಸುತ್ತಳತೆ ಕೊಡಬೇಕು. ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ, ಕಾರನ್ನು ಒಂದು ಪೂರ್ತಿ ಸುತ್ತು ಉರುಳಿಸಿ, ನೆಲದ ಮೇಲೆ ಟೇಪಿನಲ್ಲಿ ಅಳೆದರೆ ಆಯಿತು. ನಾನು ಖಾಲಿ ಕಾರಿನಲ್ಲಿ ಅಳೆದಿದ್ದೆ. ನಾಲ್ಕು ಜನ ಕೂತಾಗ ಟೈರು ಸ್ವಲ್ಪ ಅಮುಕುತ್ತದೆ, ಸುತ್ತಳತೆ ಕಡಿಮೆಯಾಗುತ್ತದೆ. 185 ಸೆಂಟಿಮೀಟರಿನಲ್ಲಿ ಒಂದೇ ಒಂದು ಸೆಂಟಿಮೀಟರ್ ತಪ್ಪಿದರೂ 10 ಕಿಲೋಮೀಟರಿಗೆ 54 ಮೀಟರ್ ತಪ್ಪು, ಅಂದರೆ 36ರ ವೇಗದಲ್ಲಿ ಐದು ಸೆಕೆಂಡಿಗಿಂತ ಜಾಸ್ತಿ. ಈಗ ಎಲ್ಲರನ್ನೂ ಕೂರಿಸಿ, ಚೀಲಗಳನ್ನೂ ಡಿಕ್ಕಿಗೆ ಹಾಕಿಯೇ ಅಳೆಯುತ್ತೇನೆ. ಗಾಳಿ ತುಂಬಿಸಿದ ಮೇಲೆ ಮತ್ತೆ ಅಳೆಯಬೇಕು, ಮರೆಯಬೇಡಿ.

ಹೀಗೆ ಕಲಿತದ್ದು ನಮ್ಮ ಪ್ರವಾಸಗಳನ್ನೂ ಬದಲಾಯಿಸಿತು. ಅದಕ್ಕೂ ಮೊದಲು ಒಂದು ಮೇ ತಿಂಗಳಲ್ಲಿ ಉಡುಪಿಯಿಂದ ಹೆಬ್ರಿ, ಸೋಮೇಶ್ವರದ ಮೇಲೆ ಆಗುಂಬೆ ಘಾಟಿ ಹತ್ತುತ್ತಿದ್ದೆವು. ಹದಿನಾಲ್ಕು ಹೇರ್‌ಪಿನ್ ತಿರುವುಗಳು, ನಡು ಮಧ್ಯಾಹ್ನ, ಮುಂದೆ ಲಾರಿ. ನಮ್ಮ ಕಾರಿನಲ್ಲಿ ಪೂರ್ತಿ ನಿಲ್ಲದೆ ಫಸ್ಟ್ ಗೇರ್ ಸಲೀಸಾಗಿ ಬೀಳುವುದಿಲ್ಲ. ಹಾಗಾಗಿ ಪ್ರತಿ ತಿರುವಿನಲ್ಲೂ ನಿಂತು ಹೊರಡುವುದೇ ಆಯಿತು. ಅರ್ಧ ಹತ್ತುವಷ್ಟರಲ್ಲಿ ಎಂಜಿನ್ ಮಿಡುಕಿ ನಿಂತೇಹೋಯಿತು. ವೇಪರ್ ಲಾಕ್. ಪೆಟ್ರೋಲ್ ಪಂಪು ಎಂಜಿನ್ನಿಗೆ ಅಂಟಿಕೊಂಡೇ ಇರುತ್ತದೆ. ಅದು ಕಾದು ಒಳಗಿನ ಪೆಟ್ರೋಲ್ ಆವಿಯಾದರೆ ಪಂಪು ಎಳೆಯುವುದು ಬರೀ ಆವಿಯನ್ನು. ಅಮ್ಮ ತಮ್ಮ ಟವೆಲನ್ನು ನೀರಲ್ಲಿ ನೆನೆಸಿ ಕೊಟ್ಟರು. ಪಂಪಿಗೆ ಸುತ್ತಿ, ಇಪ್ಪತ್ತು ನಿಮಿಷ ಕಾದ ಮೇಲೆ ಹೊರಟಿತು. ಕೋತಿಗಳು ನಮ್ಮ ಚಕ್ಕುಲಿ ಪೊಟ್ಟಣ ಎತ್ತಿಕೊಂಡು ಹೋಗಿದ್ದವು. ಮಗಳು ಇವತ್ತಿಗೂ ಆ ಪ್ರವಾಸವನ್ನೇ ಎಲ್ಲಕ್ಕಿಂತ ಚೆನ್ನಾಗಿತ್ತು ಅನ್ನುತ್ತಾಳೆ.

ಈಗ ಘಾಟಿ ಹತ್ತುವುದು ಬೆಳಿಗ್ಗೆ ಏಳರೊಳಗೆ ಮಾತ್ರ. ಇಳಿಯುವಾಗ ತುದಿಯಿಂದಲೇ ಸೆಕೆಂಡ್ ಗೇರ್, ಬ್ರೇಕು ಕಾಯಲು ಬಿಡುವುದಿಲ್ಲ. ಅದನ್ನು ಟ್ರ್ಯಾಕಿನ ಆ ಹೊಗೆಯೇ ಕಲಿಸಿತ್ತು. ದಿನಕ್ಕೆ 250 ಕಿಲೋಮೀಟರ್, ಅದಕ್ಕಿಂತ ಜಾಸ್ತಿ ಇಲ್ಲ. ಡಿಕ್ಕಿಯಲ್ಲಿ ಫ್ಯಾನ್ ಬೆಲ್ಟ್, ಕಾಂಟ್ಯಾಕ್ಟ್ ಪಾಯಿಂಟ್, ಕಂಡೆನ್ಸರ್, ಆಕ್ಸಿಲರೇಟರ್ ಕೇಬಲ್, ಪಂಪಿನ ರಿಪೇರಿ ಕಿಟ್, ಹತ್ತು ಲೀಟರ್ ನೀರು. ಎಥೆನಾಲ್ ಬೆರೆಸಿದ ಪೆಟ್ರೋಲ್ ಬಂದ ಮೇಲೆ ಹಳೇ ರಬ್ಬರ್ ಪೈಪುಗಳು ಮೆತ್ತಗಾಗಿ ಸೋರಲು ಶುರುವಾದವು. ಎಲ್ಲವನ್ನೂ ಎಥೆನಾಲ್ ತಡೆಯುವ ಪೈಪಿಗೆ ಬದಲಾಯಿಸಿದೆ. ನಿಮ್ಮ ಬಳಿ ಹಳೇ ಕಾರಿದ್ದರೆ ಈ ಕೆಲಸ ಮೊದಲು ಮಾಡಿಸಿ, ಬೆಂಕಿಯ ವಿಷಯ ಅದು.

ಇನ್ನೊಂದು ಮಾತು. ಐವತ್ತು ವರ್ಷ ದಾಟಿದ ಕಾರುಗಳಿಗೆ 2021ರಿಂದ ‘ವಿಎ’ ಸರಣಿಯ ವಿಂಟೇಜ್ ನೋಂದಣಿ ಇದೆ, ಹೊಸದಾಗಿ ಮಾಡಿಸಲು 20,000 ರೂಪಾಯಿ. ಸ್ನೇಹಿತರು ಮಾಡಿಸಿಕೋ ಅಂದರು. ಆದರೆ ಅಂಥ ಕಾರನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥದ್ದಕ್ಕೆ ಬಿಟ್ಟು ದಿನನಿತ್ಯ ಓಡಿಸುವಂತಿಲ್ಲ. ನನಗೆ ಅಮ್ಮನನ್ನು ಶೃಂಗೇರಿಗೆ ಕರೆದುಕೊಂಡು ಹೋಗಬೇಕು. ಹಾಗಾಗಿ ಹಳೇ ನೋಂದಣಿಯನ್ನೇ ಐದೈದು ವರ್ಷಕ್ಕೆ ನವೀಕರಿಸುತ್ತಾ ಬಂದಿದ್ದೇನೆ.

ಹೋದ ರ‍್ಯಾಲಿಯ ಒಂದು ಕಂಟ್ರೋಲಿನಲ್ಲಿ ನಮ್ಮ ಹಾಳೆಗೆ ಸೊನ್ನೆ ಬಿತ್ತು. ಸರಿಯಾದ ಸೆಕೆಂಡಿಗೆ ಬಂದಿದ್ದೆವು. ಹೆಂಡತಿ ಆ ಹಾಳೆಯನ್ನು ದೇವರ ಮನೆಯ ಕಪಾಟಿನಲ್ಲಿ ಇಟ್ಟಿದ್ದಾಳೆ. ಮಗಳಿಗೆ ಈ ವರ್ಷ ಲೈಸೆನ್ಸ್ ಸಿಕ್ಕಿದೆ. ಭಾನುವಾರ ಬೆಳಿಗ್ಗೆ ಖಾಲಿ ಮೈದಾನದಲ್ಲಿ ಗೇರ್ ಕಡ್ಡಿ ಅಭ್ಯಾಸ ಮಾಡುತ್ತಿದ್ದಾಳೆ. ಮುಂದೆ ರ‍್ಯಾಲಿಯಲ್ಲಿ ಅವಳು ಓಡಿಸಿದಾಗ ಸ್ಟಾಪ್‌ವಾಚ್ ನನ್ನ ಕೈಗೆ ಬರುತ್ತದೆ.