ಹಿಮದಲ್ಲಿ ಕಣ್ಣು ಕಾಪಾಡಿದ ಬಗೆ: ನನ್ನ ಅನುಭವ

ಈ ಚಳಿಗಾಲ ಬೆಂಗಳೂರಿನಿಂದ ಉತ್ತರಾಖಂಡದ ಕೇದಾರಕಂಠ ಶಿಖರಕ್ಕೆ ಚಾರಣ ಕರೆದೊಯ್ದ ನಮ್ಮ ಗುಂಪುಗಳಲ್ಲಿ ಒಬ್ಬರ ಕಣ್ಣೂ ಕೆಂಪಾಗಲಿಲ್ಲ. "ಮೋಡ ಇದ್ದಾಗಲೂ ಗಾಗಲ್ಸ್ ಯಾಕೆ ಮಾರಾಯ?" ಅಂತಿದ್ದ ಲೀಡರ್‌ಗಳೇ ಈಗ ಫೋನ್ ಮಾಡಿ ಕೇಳುತ್ತಿದ್ದಾರೆ.

ಹಿಂದೆ ಪ್ರತಿ ಸೀಸನ್‌ನಲ್ಲೂ ಯಾರಾದರೊಬ್ಬರು ಹಿಮಗುರುಡಿನಿಂದ, ಅಂದರೆ ಹಿಮಕ್ಕೆ ಬಡಿದು ಬರುವ ಬಿಸಿಲು ಕಣ್ಣು ಸುಟ್ಟು, ನರಳುತ್ತಿದ್ದರು. ಬೆಳಗ್ಗೆ 12,500 ಅಡಿ ಮೇಲೆ ಫೋಟೊ ತೆಗೆಸಿಕೊಂಡವರು ರಾತ್ರಿ ಟೆಂಟಿನಲ್ಲಿ ಕಣ್ಣಿಗೆ ಮರಳು ಎರಚಿದ ಹಾಗೆ ಒದ್ದಾಡುತ್ತಿದ್ದರು. ಟಾರ್ಚ್ ಬೆಳಕೂ ತಡೆಯೋದಿಲ್ಲ. ಕತ್ತಲಲ್ಲಿ ಮಲಗಿಸಿ, ತಣ್ಣೀರ ಬಟ್ಟೆ ಇಟ್ಟು, ಒಂದೆರಡು ದಿನ ಕಾಯಬೇಕು. ಮರಗಟ್ಟಿಸುವ ಡ್ರಾಪ್ಸ್ ಮಾತ್ರ ನೀವೇ ಹಾಕಬೇಡಿ. ನೋವು ಅಡಗುತ್ತದೆ, ಗಾಯ ಮಾಯುವುದು ತಡವಾಗುತ್ತದೆ.

ಮೊದಲು ದುಡ್ಡು ಸುರಿದದ್ದು ಬಾಡಿಗೆ ಗಾಗಲ್ಸ್‌ಗೆ. ಯುವಿ, ಅಂದರೆ ಕಣ್ಣು ಸುಡುವ ಅತಿನೇರಳೆ ಕಿರಣ, ತಡೆಯುತ್ತದೆ ಅನ್ನುವ ಸ್ಟಿಕರ್ ಏನೋ ಇತ್ತು. ಒಂದೆರಡನ್ನು ಊರಿಗೆ ತಂದು ಕನ್ನಡಕದಂಗಡಿಯ ಮೆಷಿನ್‌ಗೆ ಹಿಡಿದರೆ ಯುವಿ ಸಲೀಸಾಗಿ ದಾಟುತ್ತಿತ್ತು! ಇಂಥ ಕಪ್ಪು ಗಾಜು ಇನ್ನೂ ಅಪಾಯ. ಪಾಪೆ ಅಗಲವಾಗಿ ಯುವಿ ಜಾಸ್ತಿ ಒಳಗೆ ಹೋಗುತ್ತದೆ. ಒಳ್ಳೆ ಕಂಪನಿಯದ್ದು ಒಂದಕ್ಕೆ ಎಂಟು ಸಾವಿರದ ಹತ್ತಿರ. ಇಡೀ ಗುಂಪಿಗೆ ಎಲ್ಲಿಂದ ತರೋದು?

ಕೊನೆಗೆ ಯುವಿಯನ್ನು ಹೆಚ್ಚುಕಮ್ಮಿ ಪೂರ್ತಿ ತಡೆಯುವ ಯುವಿ400 ಗಾಜಿನ, ಮುಖಕ್ಕೆ ಬಾಗಿದ ಸ್ಪೋರ್ಟ್ಸ್ ಗಾಗಲ್ಸ್ ಸಗಟಿನಲ್ಲಿ ತಂದೆ. ಸುಮಾರು ಏಳುನೂರು ಬಿತ್ತು. ಬ್ಯಾಗ್ ರಿಪೇರಿಯವರಿಂದ ಬದಿಗೂ ಕೆಳಗೂ ರೆಕ್ಸಿನ್ ಪಟ್ಟಿ ಹೊಲಿಸಿದೆ, ಜೋಡಿಗೆ ಎಂಬತ್ತೋ ತೊಂಬತ್ತೋ. ಮೊದಲ ಕಂತಿನವು ಕೆನ್ನೆಗೆ ಒತ್ತಿ ಆವಿ ಕಟ್ಟಿದವು, ಏರು ಶುರುವಾದ ಕೂಡಲೇ ಎಲ್ಲರೂ ಕಿತ್ತು ಜೇಬಿಗೆ ಹಾಕಿಕೊಂಡರು. ಆಮೇಲೆ ಹುಬ್ಬಿನ ಹತ್ತಿರ ಸಣ್ಣ ಸಂದು ಬಿಡಿಸಿದೆ. ಅಲ್ಲಿ ಟೋಪಿಯ ಅಂಚು ನೆರಳು ಕೊಡುತ್ತದೆ. ಕೆಳಗಡೆ ಮಾತ್ರ ಸಂದು ಬಿಡಲೇಬಾರದು. ಹೊಸ ಹಿಮ ತನ್ನ ಮೇಲೆ ಬಿದ್ದ ಯುವಿಯಲ್ಲಿ ಶೇ 80ರಷ್ಟನ್ನು ಮೇಲಕ್ಕೇ ಎಸೆಯುತ್ತದೆ. ತೆಳು ಮೋಡ ಇದ್ದರೂ ಯುವಿ ದಾಟಿ ಬರುತ್ತದೆ. ಆವಿ ಕಟ್ಟದಿರಲು ಗಾಜಿಗೆ ಏನು ಸವರುತ್ತೇನೆ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ.

ಸುಮ್ನೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಆರ್ಕ್ಟಿಕ್ ಹಿಮಪ್ರದೇಶದ ಇನ್ಯುಯಿಟ್ ಜನ ಮರ, ಮೂಳೆಯಲ್ಲಿ ಸೀಳು ಬಿಟ್ಟು ಕನ್ನಡಕ ಮಾಡಿಕೊಳ್ಳುತ್ತಿದ್ದರು, ಗೊತ್ತಲ್ವಾ? ರಟ್ಟಿನ ಡಬ್ಬ ಕತ್ತರಿಸಿ, ಒಳಬದಿಗೆ ಒಲೆಯ ಮಸಿ ಬಳಿದು, ಕಡ್ಡಿಯಷ್ಟು ಸೀಳು ಬಿಟ್ಟೆ. ಕ್ಯಾಂಪ್ ಸುತ್ತ ಚೆನ್ನಾಗಿಯೇ ಕೆಲಸ ಮಾಡಿತು. ಇಳಿಜಾರಿನಲ್ಲಿ ಕಾಲಡಿ ಕಾಣೋದಿಲ್ಲ. ಗಾಗಲ್ಸ್ ಕಳೆದವರಿಗೆ ತುರ್ತಿಗೆ ಸಾಕು.

ಕಾಂಟ್ಯಾಕ್ಟ್ ಲೆನ್ಸ್‌ನವರು ರಾತ್ರಿ ಡಬ್ಬಿಯನ್ನು ಸ್ಲೀಪಿಂಗ್ ಬ್ಯಾಗ್ ಒಳಗೇ ಇಟ್ಟುಕೊಳ್ಳಲಿ, ಹೊರಗಿಟ್ಟರೆ ದ್ರಾವಣ ಹೆಪ್ಪುಗಟ್ಟುತ್ತದೆ. ರೆಟಿನಾ ಆಪರೇಷನ್ ಆಗಿ ಕಣ್ಣಲ್ಲಿ ಗ್ಯಾಸ್ ತುಂಬಿಸಿಕೊಂಡವರನ್ನು, ಅದು ಪೂರ್ತಿ ಕರಗಿದೆ ಅಂತ ಡಾಕ್ಟರ್ ಬರೆದುಕೊಡುವವರೆಗೆ ನಾನು ಸೇರಿಸಿಕೊಳ್ಳುವುದೇ ಇಲ್ಲ. ಎತ್ತರಕ್ಕೆ ಹೋದಂತೆ ಗ್ಯಾಸ್ ಹಿಗ್ಗಿ ಕಣ್ಣಿನೊಳಗೆ ಒತ್ತಡ ಏರುತ್ತದೆ, ದೃಷ್ಟಿಯೇ ಹೋಗಬಹುದು. ಕಟ್ಟಿದ ಅಡ್ವಾನ್ಸ್ ಪೂರ್ತಿ ವಾಪಸ್ ಕೊಟ್ಟು ಕಳಿಸುತ್ತೇನೆ.